ಗ್ರಾಮಸಭೆಯಲ್ಲಿ ಕೂಗುವ ಮುನ್ನ

ಗ್ರಾಮಸಭೆಯಲ್ಲಿ ಎದ್ದು ನಿಂತು ‘ಗುತ್ತಿಗೆದಾರ ದುಡ್ಡು ನುಂಗಿದ’ ಎಂದು ಕೂಗಿದರೆ ಚಪ್ಪಾಳೆ ಬೀಳುತ್ತದೆ, ರಸ್ತೆ ದುರಸ್ತಿಯಾಗುವುದಿಲ್ಲ. ಇಟ್ಟಿಗಿಯೇ ಇರಲಿ, ಹಡಗಲಿ ಸೀಮೆಯ ಬೇರೆ ಊರೇ ಇರಲಿ, ನೀವು ಎಡವುವುದು ಇಲ್ಲೇ. ಆರೋಪಕ್ಕೆ ‘ಪರಿಶೀಲಿಸುತ್ತೇವೆ’ ಎಂದುಬಿಟ್ಟರೆ ಮುಗಿಯಿತು. ಖಚಿತವಾದ ಪ್ರಶ್ನೆಯಿಂದ ಹಾಗೆ ಜಾರಿಕೊಳ್ಳಲಾಗದು. ಆದ್ದರಿಂದ ಕಾಮಗಾರಿಯ ಹೆಸರು, ಅಂದಾಜು ಪಟ್ಟಿಯಲ್ಲಿರುವ ಉದ್ದ-ದಪ್ಪ, ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದ ಲೆಕ್ಕ ತಿಳಿದುಕೊಂಡೇ ಹೋಗಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಆ ಶುಲ್ಕವೂ ಇಲ್ಲ. ಕಾಮಗಾರಿಯನ್ನು ಖುದ್ದು ನೋಡಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೂಡ ಅದೇ ಕಾಯ್ದೆಯಲ್ಲಿ ಹಕ್ಕಿದೆ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬುದು ರಾಜ್ಯದ ನಿಯಮ. ಊರಿನ ದೂರುಗಳನ್ನೆಲ್ಲ ಅದರಲ್ಲೇ ತುರುಕಬೇಡಿ.

‘ಗುತ್ತಿಗೆದಾರ ನಮ್ಮೂರವನೇ, ಹಗೆ ಯಾಕೆ?’ ಎನ್ನುತ್ತೀರಿ. ಆ ಅಳುಕು ಸಹಜವೇ. ಆದರೆ ಅಳತೆ ಕೇಳುವುದೆಂದರೆ ಕಳ್ಳ ಎಂದಂತಲ್ಲ. ಸರಿಯಾಗಿ ಕೆಲಸ ಮಾಡಿದವನಿಗೆ ಅಳತೆ ಪುಸ್ತಕವೇ ರಕ್ಷಣೆ. ಬಿಲ್ಲಿಗೆ ಸಹಿ ಹಾಕಿದವರನ್ನು ಬಿಟ್ಟು ಗುತ್ತಿಗೆದಾರನೊಬ್ಬನನ್ನೇ ಹಿಡಿಯುವುದೂ ಸಲ್ಲ. ‘ಕೇಳಿದರೂ ಏನೂ ಆಗಲ್ಲ’ ಎನ್ನುವವರೂ ಇದ್ದಾರೆ. ಬಾಯಿಮಾತಿನಲ್ಲಿ ಕೇಳಿದರೆ ಆಗುವುದಿಲ್ಲ, ನಿಜ. ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಏಳಿ. ಖಾಲಿ ಹಾಳೆಗೆ ಮಾತ್ರ ಹೆಬ್ಬೆಟ್ಟು ಒತ್ತಬೇಡಿ. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳು ಮೀರಕೂಡದೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಓದಿಸಿಯೇ ಮಾತು ಶುರು ಮಾಡಿ. ಗುತ್ತಿಗೆಯ ಕರಾರಿನಲ್ಲಿ ದೋಷ ಸರಿಪಡಿಸುವ ಅವಧಿ ಎಷ್ಟೆಂಬುದನ್ನೂ ಆಗಲೇ ಕೇಳಿ. ಅದರೊಳಗೆ ರಸ್ತೆ ಕಿತ್ತುಹೋದರೆ ರಿಪೇರಿ ಖರ್ಚು ಗುತ್ತಿಗೆದಾರನದೇ.