ಬೇಸಗೆಯಲ್ಲಿ ಮೀನು, ಮಾಂಸಗಳನ್ನು ಕೆಡದಂತೆ ಇಡುವ ಕ್ರಮ

ಘಟ್ಟದ ತಪ್ಪಲಿನ ಹಿಂದಿನ ಬೇಟೆಗಾರರಲ್ಲಿ ಒಂದು ರೂಢಿಯಿದ್ದಿತು. ಮೊಲವಾಗಲಿ ಕಾಡುಕೋಳಿಯಾಗಲಿ ಬಿದ್ದೊಡನೆ ಅದರ ಕರುಳನ್ನು ತೆಗೆದು, ಹೊಟ್ಟೆಯೊಳಕ್ಕೆ ಗಾಳಿಯಾಡುವಂತೆ ನೆರಳಿನಲ್ಲಿ ತೂಗುಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಅಂತಹ ಬೇಟೆಯು ಅಪರಾಧವಾಗಿರುವುದರಿಂದ ಅದನ್ನು ಕುರಿತು ಇಲ್ಲಿ ಹೇಳತಕ್ಕದ್ದೇನೂ ಇಲ್ಲ. ಆದರೆ ಆ ರೂಢಿಗೆ ಇದ್ದ ಕಾರಣವು ಕಾರವಾರದ ಬೈತಕೋಲ ದಕ್ಕೆಯಲ್ಲಿ ಮೀನು ಕೊಳ್ಳುವವರಿಗೂ, ಅಂಕೋಲೆಯ ಹಳ್ಳಿಯಲ್ಲಿ ಕೋಳಿ ಕೊಯ್ಯುವವರಿಗೂ ಇಂದಿಗೂ ತಿಳಿದಿರತಕ್ಕದ್ದು.

ಜೀವ ಹೋದ ಪ್ರಾಣಿಯ ಮೈಶಾಖವು ಒಡನೆಯೇ ಇಳಿಯುವುದಿಲ್ಲ. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಂಟಿಗ್ರೇಡ್. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಈ ಬಿಸುಪು ಬಹಳ ಹಿತವಾದುದು. ಅನುಕೂಲವಾದ ಶಾಖದಲ್ಲಿ ಅವುಗಳಲ್ಲಿ ಕೆಲವು ಜಾತಿಯವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವುವು. ಈ ಲೆಕ್ಕದಲ್ಲಿ ಒಂದಿದ್ದದ್ದು 7 ಗಂಟೆಗಳಲ್ಲಿ 20 ಲಕ್ಷವನ್ನು ಮೀರುವುದು. ಆದಕಾರಣ ಕರುಳನ್ನು ಒಡೆಯದಂತೆ ಬೇಗ ತೆಗೆಯುವುದು, ಶಾಖವನ್ನು ಬೇಗ ಇಳಿಸುವುದು, ಇವೆರಡೇ ಮುಖ್ಯವಾದ ಕೆಲಸಗಳು. ಬಿಸಿಯಾರದ ಮಾಂಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟುವುದಕ್ಕಿಂತ ಕೆಟ್ಟ ಪದ್ಧತಿಯಿಲ್ಲ.

ಒದ್ದೆಯ ಗೋಣಿಯನ್ನು ಹೊದಿಸಿದರೆ ತಂಪಾಗುವುದೆಂದು ಅನೇಕರು ನಂಬಿರುವರು. ಹುಬ್ಬಳ್ಳಿ, ಧಾರವಾಡಗಳ ಒಣಗಾಳಿಯಲ್ಲಿ ಇದು ನಿಜವೇ ಸರಿ. ನೀರು ಆರಿದಷ್ಟೂ ತಂಪು ಹೆಚ್ಚುವುದು. ನಮ್ಮ ಕರಾವಳಿಯಲ್ಲಾದರೋ ಮೇ ತಿಂಗಳ ಗಾಳಿಯು ತಾನೇ ನೀರಿನಿಂದ ತುಂಬಿರುವುದರಿಂದ ಗೋಣಿಯು ಸರಿಯಾಗಿ ಆರುವುದಿಲ್ಲ, ಮೀನೂ ತಣಿಯುವುದಿಲ್ಲ. ಗೋಣಿಯು ಬಿಸಿಲನ್ನು ಮರೆಮಾಡುವುದು, ಅಷ್ಟೆ. ಅರಸಿನ, ಉಪ್ಪು, ಮುರುಗಲ ಹುಳಿಗಳನ್ನು ಸವರುವುದರಿಂದಲೂ ಸ್ವಲ್ಪ ಕಾಲ ಸಿಕ್ಕೀತು. ಇವು ಮಂಜುಗಡ್ಡೆಯ ಬದಲಿಗೆ ಆಗತಕ್ಕವಲ್ಲ.

ಬಂಗುಡೆ, ತಾರ್ಲೆ, ಗೆದರೆ ಮೊದಲಾದ ಮೀನುಗಳ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆಯು ಬೇಕು. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಪದಾರ್ಥವು ಹೆಚ್ಚಾಗಿರುವುದು. ಮೀನು ಬೆಚ್ಚಗೆ ಬಿದ್ದಿದ್ದರೆ ಕಿವಿರು, ಕರುಳುಗಳಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹಿಸ್ಟಮಿನ್ ಎಂಬ ವಿಷಪದಾರ್ಥವನ್ನಾಗಿ ಮಾರ್ಪಡಿಸುವುವು. ಅಂತಹ ಮೀನನ್ನು ತಿಂದವರಿಗೆ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳೊಳಗೆ ಮುಖ ಕೆಂಪೇರುವುದು, ಮೈ ತುರಿಸುವುದು, ತಲೆನೋವು, ವಾಂತಿ, ಭೇದಿಗಳು ಕಾಣಿಸಿಕೊಳ್ಳಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುವುದಾದರೂ, ಉಸಿರಾಟಕ್ಕೆ ತೊಂದರೆಯಾದಲ್ಲಿ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಗೃಹಿಣಿಯರು ಮುಖ್ಯವಾಗಿ ತಿಳಿಯಬೇಕಾದುದೇನೆಂದರೆ, ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ, ಹುರಿದರೂ, ಉಪ್ಪು ಹಾಕಿದರೂ, ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ಕಣ್ಣಿನ ಹೊಳಪು, ಕಿವಿರಿನ ಕೆಂಪು, ಒತ್ತಿದರೆ ಮೇಲೇಳುವ ಮಾಂಸ, ಇವು ಹೊಸ ಮೀನಿನ ಒಳ್ಳೆಯ ಗುರುತುಗಳು. ಆದರೆ ನಾತ ಹುಟ್ಟುವ ಮೊದಲೇ ವಿಷವು ಹುಟ್ಟಿರಬಹುದಾದ್ದರಿಂದ ಮೂಗೊಂದನ್ನೇ ನಂಬತಕ್ಕದ್ದಲ್ಲ.

ರಂಪಣಿ ಬಲೆಯ ಕಾಲದಲ್ಲಿ ಬಂಗುಡೆಯು ಜೀವಂತವಾಗಿಯೇ ದಡದ ಮರಳಿಗೆ ಬರುತ್ತಿದ್ದಿತು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮೀನು ಸತ್ತ ಹೊತ್ತಿಗೂ ದಡ ಸೇರುವ ಹೊತ್ತಿಗೂ ಗಂಟೆಗಳ ಅಂತರವುಂಟಾಯಿತು. ಕೆಡುವ ಕಾಲವನ್ನು ಪೇಟೆಗೆ ಬಂದಂದಿನಿಂದಲ್ಲ, ಬಲೆಯಿಂದೆತ್ತಿದ ಗಳಿಗೆಯಿಂದ ಎಣಿಸತಕ್ಕದ್ದು. ದೋಣಿಯಲ್ಲಿಯೇ ಮಂಜುಗಡ್ಡೆ ಹಾಕಿದ್ದರೇ ಎಂದು ಕೇಳಿ ಕೊಳ್ಳುವುದು ಮೇಲು.

ಎಷ್ಟು ಮಂಜುಗಡ್ಡೆ ಬೇಕು? ಒಂದು ಕಿಲೋ ಮಂಜುಗಡ್ಡೆಯು ಕರಗುವಾಗ ಸುಮಾರು 80 ಕಿಲೋಕ್ಯಾಲೊರಿ ಶಾಖವನ್ನು ಹೀರುವುದು. 30 ಡಿಗ್ರಿಯ ಒಂದು ಕಿಲೋ ಮೀನನ್ನು ಸೊನ್ನೆಯ ಬಳಿಗಿಳಿಸಲು ಸುಮಾರು 25 ಕಿಲೋಕ್ಯಾಲೊರಿಯನ್ನು ಹೊರಗೆಳೆಯಬೇಕು. ಲೆಕ್ಕಕ್ಕೆ ಮೂರರಲ್ಲೊಂದು ಪಾಲು ಸಾಕೆಂದಾಯಿತು. ಆದರೆ ಪೆಟ್ಟಿಗೆಯ ಗೋಡೆ, ಮುಚ್ಚಳಗಳಿಂದ ಹೊರಗಿನ ಸೆಕೆಯು ಒಳನುಗ್ಗುತ್ತಲೇ ಇರುವುದರಿಂದ ಮೀನಿನ ಸಮತೂಕದ ಮಂಜುಗಡ್ಡೆ ಬೇಕು. ಅಂಕೋಲೆಯಿಂದ ಅರಬೈಲು ಘಟ್ಟವನ್ನೇರಿ ಯಲ್ಲಾಪುರಕ್ಕೆ ಒಯ್ಯುವವರು ಇನ್ನೂ ಹೆಚ್ಚು ಹಾಕಲಿ. ಕುಡಿಯುವ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಪುಡಿಮಾಡಿ, ತಳದಲ್ಲೊಂದು ಪದರ, ಮೀನೊಂದು ಪದರ, ಮತ್ತೆ ಮಂಜುಗಡ್ಡೆ ಎಂಬಂತೆ ಹರಡತಕ್ಕದ್ದು. ಮೇಲೆ ಮಾತ್ರ ಎರಡು ಗಡ್ಡೆಯಿಟ್ಟರೆ ಕೆಳಗಿನ ಮೀನು ಬೆಚ್ಚಗೇ ಉಳಿಯುವುದು. ಕರಗಿದ ನೀರು ಹೊರಬೀಳಲು ತಳದಲ್ಲಿ ರಂಧ್ರವಿರಲಿ. ಮನೆಗೆ ತಂದವರು ಕಿವಿರು, ಕರುಳುಗಳನ್ನು ತೆಗೆದು, ತೊಳೆದು, ನೀರು ಬಸಿದು ಶೀತಪೆಟ್ಟಿಗೆಯಲ್ಲಿಡುವುದು. ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ ಹೊರಗೆ ಬಿಡಬಾರದು.

ಇನ್ನು ಮಾರಾಟವಾಗದೆ ಉಳಿದ ಮೀನಿನ ಮಾತು. ಬುಟ್ಟಿ ಹೊತ್ತು ಮಾರುವ ಹೆಂಗಸಿಗೆ ಸಂಜೆ ಉಳಿದ ಬಂಗುಡೆಯೆಂದರೆ ಆ ದಿನದ ಗಳಿಕೆಯೇ ಉಳಿದಂತೆ. ಅದನ್ನು ಚೆಲ್ಲೆಂದು ಹೇಳುವುದು ಸುಲಭವಲ್ಲ. ಸೆಕೆಯಲ್ಲಿ ಬಾಡಿದ್ದನ್ನು ಸಂಜೆ ಉಪ್ಪಿಗೆ ಹಾಕುವ ಪದ್ಧತಿಯು ಇದರಿಂದಲೇ ಬೆಳೆದುದು. ಆದರೆ ಮೇಲೆ ಹೇಳಿದಂತೆ ಉಪ್ಪು ಹುಟ್ಟಿದ ವಿಷವನ್ನು ಅಳಿಸಲಾರದು. ಮೀನು ವಿಪರೀತ ಬಂದು ಬೆಲೆ ಕುಸಿದ ದಿನ ಉಪ್ಪಿಗೆಂದು ಒಂದು ಪಾಲನ್ನು ಬೆಳಿಗ್ಗೆಯೇ ಬೇರ್ಪಡಿಸುವುದು ಲಾಭಕರ. ಹೊಟ್ಟೆ ಸೀಳಿ, ಕರುಳು ತೆಗೆದು, ಚೆನ್ನಾಗಿ ತೊಳೆದು, ಮೂರು ನಾಲ್ಕು ತೂಕ ಮೀನಿಗೆ ಒಂದು ತೂಕದಂತೆ ಸಾಣಿಕಟ್ಟೆಯ ಉಪ್ಪನ್ನಾಗಲಿ ಬೇರೆ ಶುಚಿಯಾದ ಉಪ್ಪನ್ನಾಗಲಿ ಒಳಗೂ ಹೊರಗೂ ತಿಕ್ಕಿ, ಮುಚ್ಚಿದ ತೊಟ್ಟಿಯಲ್ಲಿ ನೆರಳಿನಲ್ಲಿಡತಕ್ಕದ್ದು. ಅನಂತರ ಒಣಗಿಸುವಾಗ ಮರಳಿನ ಮೇಲೆ ಹರಡದೆ, ಎತ್ತರದ ತಟ್ಟಿಯ ಮೇಲೆ ಬಲೆ ಹಾಸಿ ಒಣಗಿಸಿದರೆ ಮರಳು ಹತ್ತುವುದಿಲ್ಲ, ಕೆಳಗಿನಿಂದಲೂ ಗಾಳಿಯಾಡುವುದು.