ಹೊಳೆಯ ಪರವಾಗಿ ದಾವೆ ಹೂಡುವವರು ಯಾರು?

ಒಬ್ಬನ ಹೊಲದ ಬೇಲಿಯನ್ನು ಇನ್ನೊಬ್ಬನು ಕಿತ್ತರೆ ದಾವೆ ಹೂಡಬೇಕಾದವನು ಯಾರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾರ್ಖಾನೆಯ ಕೊಳಚೆಯಿಂದ ಹೊಳೆಯೊಂದು ಕೆಟ್ಟರೆ? ಸ್ವಂತ ಹಕ್ಕಿಗೆ ಹಾನಿಯಾದವನು ಮಾತ್ರವೇ ನ್ಯಾಯಾಲಯದ ಮೆಟ್ಟಿಲೇರಬಹುದೆಂಬುದು ಹಳೆಯ ನಿಯಮ. ಹೊಳೆಯ ನೀರನ್ನೇ ನಂಬಿದವರು ಬಹುಮಟ್ಟಿಗೆ ಬಡವರು. ವಕೀಲರ ಶುಲ್ಕವನ್ನು ತೆರಲಾರದವರು. ಹೀಗಾಗಿ ಆ ನಿಯಮವು ಮಾಲಿನ್ಯ ಮಾಡುವವರಿಗೇ ರಕ್ಷಣೆಯಾಗುತ್ತಿತ್ತು.

ಈ ಬಾಗಿಲನ್ನು ಅಗಲವಾಗಿ ತೆರೆದುದು ಸರ್ವೋಚ್ಚ ನ್ಯಾಯಾಲಯ. 1981ರ ಎಸ್.ಪಿ. ಗುಪ್ತಾ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಬಡತನದಿಂದಲೋ ಅಸಹಾಯಕತೆಯಿಂದಲೋ ನ್ಯಾಯಾಲಯಕ್ಕೆ ಬರಲಾರದವರ ಪರವಾಗಿ ಸದುದ್ದೇಶವುಳ್ಳ ಯಾವ ನಾಗರಿಕನೂ ಅರ್ಜಿ ಸಲ್ಲಿಸಬಹುದೆಂದು ವಿವರಿಸಿದರು. ಮೂಲಭೂತ ಹಕ್ಕಿಗೆ ಚ್ಯುತಿಯಾದಾಗ ಸಂವಿಧಾನದ 32ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯಕ್ಕೂ 226ನೆಯ ವಿಧಿಯಂತೆ ಉಚ್ಚ ನ್ಯಾಯಾಲಯಕ್ಕೂ ಹೋಗಬಹುದು.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯ ಕಥೆ ಇದಕ್ಕೆ ಉತ್ತಮ ನಿದರ್ಶನ. ಚರ್ಮ ಹದಗೊಳಿಸುವ ಕಾರ್ಖಾನೆಗಳ ತ್ಯಾಜ್ಯದಿಂದ ಅಲ್ಲಿ ಸುಮಾರು 35,000 ಹೆಕ್ಟೇರ್ ಭೂಮಿಯು ಭಾಗಶಃ ಅಥವಾ ಪೂರ್ತಿಯಾಗಿ ಸಾಗುವಳಿಗೆ ಅಯೋಗ್ಯವಾಗಿತ್ತು. ವೆಲ್ಲೂರಿನ ನಾಗರಿಕರ ಸಂಘಟನೆಯೊಂದು ಸಲ್ಲಿಸಿದ ಅರ್ಜಿಯ ಮೇಲೆ 1996ರಲ್ಲಿ ತೀರ್ಪು ಬಂದಿತು. ಮಾಲಿನ್ಯ ಮಾಡಿದವನೇ ನಷ್ಟವನ್ನು ತೆರಬೇಕು ಎಂಬ ತತ್ತ್ವವು ದೇಶದ ಕಾನೂನಿನ ಭಾಗವೆಂದು ನ್ಯಾಯಾಲಯವು ಸಾರಿ, ಕಾರ್ಖಾನೆಗಳಿಗೆ ತಲಾ 10,000 ರೂಪಾಯಿ ದಂಡ ವಿಧಿಸಿತು. ಪರಿಹಾರವನ್ನು ನಿರ್ಣಯಿಸಲು ಪ್ರಾಧಿಕಾರವೊಂದನ್ನು ರಚಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು.

ಈ ಅಧಿಕಾರಕ್ಕೆ ಮಿತಿಯೂ ಉಂಟು. 1991ರ ಸುಭಾಷ್ ಕುಮಾರ್ ಮೊಕದ್ದಮೆಯಲ್ಲಿ ನಿರ್ಮಲವಾದ ನೀರು, ಗಾಳಿ ಜೀವಿಸುವ ಹಕ್ಕಿನಲ್ಲಿಯೇ ಅಡಗಿವೆಯೆಂದು ಹೇಳಿದ ನ್ಯಾಯಾಲಯವು, ಅರ್ಜಿಯ ಹಿಂದೆ ಸ್ವಂತ ದ್ವೇಷವಿತ್ತೆಂಬ ಕಾರಣದಿಂದ ಅದನ್ನು ತಳ್ಳಿಹಾಕಿತು.

ನಮ್ಮ ಕಾಸರಗೋಡಿನ ನೋವನ್ನು ಇಲ್ಲಿ ನೆನೆಯದಿರಲಾಗದು. ಎಣ್ಮಕಜೆ ಮೊದಲಾದ ಗ್ರಾಮಗಳ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಯುವಜನ ಸಂಘಟನೆಯೊಂದರ ಅರ್ಜಿಯಂತೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಬಾಧಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಆದರೂ ಹಣ ಬಾರದೆ ಬಾಧಿತರು ಮತ್ತೆ ಅದೇ ಬಾಗಿಲನ್ನು ತಟ್ಟಬೇಕಾಯಿತು. 2022ರಲ್ಲಿ ನ್ಯಾಯಾಲಯವು ರಾಜ್ಯ ಸರಕಾರದ ವಿಳಂಬವನ್ನು ಕಟುವಾಗಿ ಖಂಡಿಸಿತು. ತೀರ್ಪು ದೊರೆತ ಮೇಲೆಯೂ ಸಂಘಗಳು ಎಚ್ಚರವಾಗಿರಬೇಕೆಂಬುದು ಇದರಿಂದ ಸ್ಪಷ್ಟ.

2010ರ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಕಾಯಿದೆಯು ಬಾಧಿತರ ಪ್ರತಿನಿಧಿ ಸಂಸ್ಥೆಗಳಿಗೂ ಅರ್ಜಿ ಸಲ್ಲಿಸುವ ಅಧಿಕಾರವನ್ನು ಸ್ಪಷ್ಟ ಮಾತುಗಳಲ್ಲಿ ನೀಡಿದೆ. ಕೇರಳಕ್ಕೆ ಸಂಬಂಧಿಸಿದ ಪೀಠವು ಚೆನ್ನೈಯಲ್ಲಿದೆ. ಪರಿಸರ ವಿವಾದವನ್ನು ಕಾರಣ ಹುಟ್ಟಿದ ಆರು ತಿಂಗಳೊಳಗೆ, ಪರಿಹಾರದ ಕೋರಿಕೆಯನ್ನು ಐದು ವರ್ಷಗಳೊಳಗೆ ಮುಂದಿಡಬೇಕು. ಸಕಾರಣವಿದ್ದರೆ ಇನ್ನೂ 60 ದಿನಗಳ ಅವಕಾಶವುಂಟು. ಆದುದರಿಂದ ನೀರು ಕೆಟ್ಟ ದಿನದಿಂದಲೇ ದಿನಾಂಕ, ನೀರಿನ ಪರೀಕ್ಷಾ ವರದಿ, ಅಧಿಕಾರಿಗಳಿಗೆ ಬರೆದ ಪತ್ರಗಳ ಪ್ರತಿ ಇವನ್ನು ಜೋಪಾನ ಮಾಡಬೇಕು. ಬಾಗಿಲು ತೆರೆದಿದೆ, ಒಳಗೆ ಹೋಗುವವರ ಕೈಯಲ್ಲಿ ಆಧಾರವಿರಬೇಕು.