ಪೈಥಾನಿಗೊಂದು ಪ್ರತ್ಯೇಕ ಬಿಡಾರ

ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ತೊಡಗಿರುವ ತರುಣ ಮಿತ್ರರು, ಗಣಕಯಂತ್ರದೊಡನೆಯೇ ಬಂದಿರುವ ಮೂಲ ಪೈಥಾನಿನೊಳಕ್ಕೆ ಕಂಡಕಂಡ ಲೈಬ್ರರಿಗಳನ್ನೆಲ್ಲ ತುಂಬುವ ಚಾಪಲ್ಯವನ್ನು ಮೊದಲು ತ್ಯಜಿಸತಕ್ಕದ್ದು. ಏಕೆಂದರೆ ಲಿನಕ್ಸಿನ ಅನೇಕ ಪ್ರಭೇದಗಳಲ್ಲಿ ವ್ಯವಸ್ಥೆಯ ಸ್ವಂತ ಉಪಕರಣಗಳೇ ಆ ಪೈಥಾನನ್ನು ಆಶ್ರಯಿಸಿಕೊಂಡಿರುವುದರಿಂದ, ಅಲ್ಲಿ ಎಸಗಿದ ಒಂದು ಅವಿವೇಕವು ಮನೆಯ ಅಡಿಗಲ್ಲನ್ನೇ ಅಲುಗಿಸಬಲ್ಲದು. 2023ರಲ್ಲಿ ಹೊರಬಂದ ಡೆಬಿಯನ್ 12 ಎಂಬ ಲಿನಕ್ಸ್, ಲೈಬ್ರರಿಗಳನ್ನು ಸ್ಥಾಪಿಸುವ ಪಿಪ್ ಎಂಬ ಸಾಧನದ ಇಂತಹ ಸಾಹಸವನ್ನು ನಿರಾಕರಿಸಿಯೇ ಬಿಟ್ಟಿತು. ಆ ನಿಷೇಧವನ್ನು ಬಲಾತ್ಕಾರದಿಂದ ಮೀರುವ ಉಪಾಯವೂ ಉಂಟು. ಅದನ್ನು ಹೇಳಿಕೊಡಲು ನನಗೆ ಮನಸ್ಸಿಲ್ಲ.

ಒಂದೊಂದು ಕೆಲಸಕ್ಕೂ ಒಂದೊಂದು ಪ್ರತ್ಯೇಕ ಪರಿಸರವನ್ನು ಕಲ್ಪಿಸಿಕೊಡುವ ವೆನ್ವ್ ಎಂಬ ಸಾಧನವು 2012ರ 3.3ನೆಯ ಆವೃತ್ತಿಯಿಂದ ಭಾಷೆಯೊಡನೆಯೇ ಲಭ್ಯವಾಗಿದೆ. ಆದರೆ ಅದು ಹೊಸ ಆವೃತ್ತಿಯನ್ನು ತಂದುಕೊಡಲಾರದು. ಯಾವ ಪೈಥಾನಿನಿಂದ ಪರಿಸರವನ್ನು ನಿರ್ಮಿಸಿದೆವೋ ಆ ಪೈಥಾನಿಗೇ ಅದು ಬದ್ಧವಾಗಿರುವುದು. ಹಳೆಯದೊಂದು ಕೃತಿಗೆ 3.8, ಹೊಸದಕ್ಕೆ 3.12 ಬೇಕಾದ ಸಂದರ್ಭದಲ್ಲಿ ಪೈಎನ್ವ್ ಎಂಬ ಸಾಧನವು ನೆರವಿಗೆ ಬರುವುದಾದರೂ, ಅದು ಸಾಮಾನ್ಯವಾಗಿ ಪೈಥಾನನ್ನು ಮೂಲಸಂಹಿತೆಯಿಂದಲೇ ಕಂಪೈಲ್ ಮಾಡುವುದರಿಂದ, ಅಂತರಜಾಲದ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಲ್ ಮೊದಲಾದವುಗಳ ಅಭಿವೃದ್ಧಿ ಕಡತಗಳನ್ನು ಮುಂಚಿತವಾಗಿ ಸ್ಥಾಪಿಸಿಕೊಂಡಿರಬೇಕು. ಇದನ್ನು ಉಪೇಕ್ಷಿಸಿದವರು ಕಂಪೈಲ್ ವಿಫಲವಾಗಿಯೋ, ಅಂಗವಿಕಲವಾದ ಪೈಥಾನನ್ನು ಪಡೆದೋ ಪರಿತಪಿಸುವರು. ಯುವಿ ಎಂಬ ಈಚಿನ ಸಾಧನವು ಸಿದ್ಧ ಪೈಥಾನನ್ನೇ ಇಳಿಸಿಕೊಡುವುದರಿಂದ ಹೊಸಬರಿಗೆ ಅದೇ ಲೇಸೆಂದು ನನ್ನ ಎಣಿಕೆ.

ಪರಿಸರದ ಕಡತಕೋಶವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಬೇಡಿರಿ, ಸಂಹಿತೆಯ ಆವೃತ್ತಿಗಳನ್ನು ಕಾಪಿಡುವ ಗಿಟ್ಟಿಗೂ ಸೇರಿಸಬೇಡಿರಿ. ಆ ಕೋಶದೊಳಗೆ ಹಳೆಯ ಜಾಗದ ವಿಳಾಸಗಳು ಅಚ್ಚೊತ್ತಿರುತ್ತವೆ. ಬೇಕಾದ ಲೈಬ್ರರಿಗಳ ಹೆಸರನ್ನೂ ಆವೃತ್ತಿಯನ್ನೂ ಒಂದು ಕಡತದಲ್ಲಿ ಬರೆದಿಟ್ಟು, ಪರಿಸರ ಕೆಟ್ಟ ದಿನ ನಿಸ್ಸಂಕೋಚವಾಗಿ ಅಳಿಸಿ ಹೊಸದನ್ನು ಕಟ್ಟಿಕೊಳ್ಳಿರಿ.